ಅಡುಗೆಮನೆ ಕಪಾಟು ಮುಂದಕ್ಕೆ ವಾಲುತ್ತಿದ್ದರೆ ಗೋಡೆಗೆ ಕಟ್ಟಿಬಿಡಿ

ಅಕ್ಕಾ, ನೀವು ಹಾಕಿದ ಕಪಾಟಿನ ಫೋಟೋ ನೋಡಿದೆ. ಆರಡಿ ಎತ್ತರ, ಒಂದಡಿ ಆಳ, ಡ್ರಾಯರ್ ಎಳೆದರೆ ಮುಂದಕ್ಕೆ ಬಾಗುತ್ತದೆ, ಮನೆಯಲ್ಲಿ ಎರಡು ವರ್ಷದ ಮಗು, ಬಾಡಿಗೆ ಮನೆ ಅಂತ ಬರೆದಿದ್ದೀರಿ. ಮೇಲಿನ ಶೆಲ್ಫ್‌ನಲ್ಲಿರುವ ಮಿಕ್ಸಿ, ಎಣ್ಣೆ ಡಬ್ಬ ಇವತ್ತೇ ಕೆಳಗಿಳಿಸಿ. ಗೋಡೆಗೆ ಕಟ್ಟುವ ಕೆಲಸ ಈ ವಾರದಲ್ಲೇ ಮುಗಿಸಿ.

ನಮ್ಮನೆಯಲ್ಲಿ ತಂಗಿ ಮಗ ಕೆಳಗಿನ ಡ್ರಾಯರ್ ಎಳೆದು ಅದರ ಮೇಲೆ ಹತ್ತಿ ನಿಂತಿದ್ದ. ಕಪಾಟಿನ ಹಿಂದಿನ ಕಾಲು ನೆಲ ಬಿಟ್ಟು ಮೇಲೆದ್ದಿತು. ನಾನು ಒಲೆ ಹತ್ತಿರವೇ ಇದ್ದೆ, ಓಡಿಬಂದು ಎರಡೂ ಕೈಯಲ್ಲಿ ತಡೆದೆ. ಉಪ್ಪಿನಕಾಯಿ ಜಾಡಿ ಬಿದ್ದು ಪುಡಿಪುಡಿ. ಮಗುವಿಗೆ ಏನೂ ಆಗಲಿಲ್ಲ, ಪುಣ್ಯ.

ಭಾರ ಕೆಳಗಿಟ್ಟರೆ ಸಾಕು ಅಂತ ಮೇಲಿನ ಕಾಮೆಂಟ್‌ನಲ್ಲಿ ಒಬ್ಬರು ಹೇಳಿದ್ದಾರೆ. ಅದು ಅರ್ಧ ಸರಿ. 25 ಕೆಜಿ ಅಕ್ಕಿಯನ್ನು ಕೆಳಗಿನ ಡ್ರಾಯರ್‌ಗೆ ತುಂಬಿದರೆ, ಎಳೆದಾಗ ಆ ಭಾರವೆಲ್ಲ ಮುಂದಿನ ಕಾಲು ದಾಟಿ ಹೊರಗೆ ಬರುತ್ತದೆ. ಆಗ ಇನ್ನೂ ಬೇಗ ವಾಲುತ್ತದೆ. ಅಕ್ಕಿ, ರಾಗಿ ಅಲುಗಾಡದ ಶೆಲ್ಫ್‌ನಲ್ಲಿ, ಹಿಂಬದಿಗೆ ಇರಲಿ.

ನೆಲವನ್ನೂ ನೋಡಿ. ಅಡುಗೆಮನೆ ನೆಲಕ್ಕೆ ನೀರು ಹೋಗಲಿ ಅಂತ ಜಾಲಿ ಕಡೆಗೆ ಇಳಿಜಾರು ಕೊಟ್ಟಿರುತ್ತಾರೆ ಅಲ್ವಾ? ಮುಂದಿನ ಕಾಲು ತಗ್ಗಿನಲ್ಲಿದ್ದರೆ ಪ್ಲೈವುಡ್ ಚೂರು ಕೊಟ್ಟು ಎತ್ತರಿಸಿ. ರಟ್ಟು ಬೇಡ, ನೀರು ತಾಗಿದರೆ ಮೆತ್ತಗಾಗುತ್ತದೆ.

ಇನ್ನು ಗೋಡೆ. ಬೆಂಗಳೂರಿನಲ್ಲಿ ಒಂದೊಂದು ಮನೆಗೆ ಒಂದೊಂದು ಥರ. ಡ್ರಿಲ್ ಮಾಡುವಾಗ ಪುಡಿ ಗಮನಿಸಿ. ಮೊದಲು ಬರುವ ಬೂದಿ ಬಣ್ಣದ್ದು ಪ್ಲಾಸ್ಟರ್, ಅದನ್ನು ಲೆಕ್ಕಕ್ಕೆ ತಗೋಬೇಡಿ. ಅದು ದಾಟಿದ ಮೇಲೆ ಕೆಂಪು ಬಂದರೆ ಇಟ್ಟಿಗೆ. ಬೂದಿ ಬಣ್ಣವೇ ಮುಂದುವರಿದು ಗಟ್ಟಿಯಾಗಿದ್ದರೆ ಸಾಲಿಡ್ ಬ್ಲಾಕ್ ಅಥವಾ ಕಾಂಕ್ರೀಟ್. ಇವಕ್ಕೆ ಮಾಮೂಲಿ ನೈಲಾನ್ ಪ್ಲಗ್ (ತೂತಿನೊಳಗೆ ಕೂತು ಸ್ಕ್ರೂ ಹಿಡಿಯುವ ಕೊಳವೆ) ಸಾಕು. ಬೆಣ್ಣೆಯಲ್ಲಿ ಹೋದ ಹಾಗೆ ಹೋಗಿ ತಿಳಿ ಬಣ್ಣದ ಪುಡಿ ಬಂದರೆ ಹೊಸ ಅಪಾರ್ಟ್‌ಮೆಂಟ್‌ಗಳ ಎಎಸಿ ಬ್ಲಾಕ್, ಅಂದರೆ ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಬ್ಲಾಕ್. ಡ್ರಿಲ್‌ನ ಹ್ಯಾಮರ್ ಮೋಡ್ (ಕುಟ್ಟುತ್ತಾ ಕೊರೆಯುವುದು) ಆಫ್ ಮಾಡಿ, ಎಎಸಿಗೆ ಅಂತಲೇ ಬರುವ ಪ್ಲಗ್ ಕೇಳಿ ತನ್ನಿ. ಡ್ರಿಲ್ ಬಿಟ್ ಇದ್ದಕ್ಕಿದ್ದಂತೆ ಒಳಗೆ ಜಾರಿದರೆ ಹಾಲೋ ಬ್ಲಾಕ್, ಅಂದರೆ ಒಳಗೆ ಟೊಳ್ಳು. ಅಲ್ಲಿ ಮಾಮೂಲಿ ಪ್ಲಗ್ ಸುಮ್ನೆ ಗಿರಗಿರ ತಿರುಗುತ್ತದೆ, ಒಳಗೆ ಹೋಗಿ ರೆಕ್ಕೆ ಬಿಚ್ಚುವ ಟಾಗಲ್ ಬೋಲ್ಟ್ ಬೇಕು. ಸ್ವಿಚ್ ಬೋರ್ಡಿನ ಮತ್ತು ನಲ್ಲಿಯ ನೇರಕ್ಕೆ ಮಾತ್ರ ತೂತು ಹಾಕಲೇಬೇಡಿ.

ಕಪಾಟಿನ ಮೇಲ್ತುದಿಯಲ್ಲಿ ಎರಡು ಕಡೆ ಎಲ್ ಕ್ಲ್ಯಾಂಪ್ (ಎಲ್ ಆಕಾರದ ಲೋಹದ ಪಟ್ಟಿ) ಹಾಕಿ. ಸ್ಕ್ರೂ ಹಿಂಬದಿಯ ತೆಳು ಹಾಳೆಗೆ ಬೇಡ, ಅದು ಕಿತ್ತು ಬರುತ್ತದೆ. ಪಕ್ಕದ ಅಥವಾ ಮೇಲಿನ 18 ಎಂಎಂ ಪ್ಲೈಗೇ ಹೊಡೆಯಿರಿ. ಗೋಡೆಯ ಬುಡದ ಸ್ಕರ್ಟಿಂಗ್ ಟೈಲ್ ಮುಂದೆ ಚಾಚಿರುವುದರಿಂದ ಕಪಾಟಿಗೂ ಗೋಡೆಗೂ ಮೇಲೆ ಸಂದಿ ಉಳಿಯುತ್ತದೆ. ಅಷ್ಟೇ ದಪ್ಪದ ಮರದ ಪಟ್ಟಿ ನಡುವೆ ಕೊಟ್ಟು ಬಿಗಿಯಿರಿ.

ಗೋಡೆಗೆ ತೂತು ಹಾಕಲು ಓನರ್ ಹತ್ತಿರ ಮಗುವಿನ ವಿಷಯ ಹೇಳಿ ಒಪ್ಪಿಗೆ ಕೇಳಿ. ಖಾಲಿ ಮಾಡುವಾಗ ಪುಟ್ಟಿ ತುಂಬಿ ಬಣ್ಣ ಹಚ್ಚಿಕೊಡುತ್ತೇನೆ ಅನ್ನಿ. ತೂತು ತಪ್ಪಿಸಲು ಡಬಲ್ ಸೈಡ್ ಟೇಪ್ ನಂಬಬೇಡಿ, ಒಗ್ಗರಣೆ ಜಿಡ್ಡು ಕೂತ ಗೋಡೆಯಲ್ಲಿ ಅದು ಬಣ್ಣದ ಸಮೇತ ಬಿಟ್ಟುಬರುತ್ತದೆ.

ಗೋಡೆಗೆ ಕಟ್ಟುವವರೆಗೆ ಡ್ರಾಯರ್‌ಗಳಿಗೆ ಮಕ್ಕಳ ಲಾಕ್ ಹಾಕಿಡಿ. ತೂತು ಹಾಕಿದ ಮೇಲೆ ಪುಡಿಯ ಫೋಟೋ ಇಲ್ಲೇ ಹಾಕಿ, ಯಾವ ಪ್ಲಗ್ ಅಂತ ಹೇಳುತ್ತೇನೆ.