ಹೆಸರು ಹಾಕಬೇಡಿ ಎಂದವರಿಗೆ

ಕಲಬುರಗಿ ಜಿಲ್ಲೆಯ ನಿವೃತ್ತ ಶಿಕ್ಷಕರೊಬ್ಬರು ಬರೆಯುತ್ತಾರೆ: "ಮಗ ಊರಿಗೆ ಬಂದಾಗಲೆಲ್ಲ ನನ್ನ ಫೋನ್ ಕಸಿದುಕೊಂಡು ಲೊಕೇಶನ್ ಆಫ್ ಮಾಡು, ಈ ಆ್ಯಪ್ ತೆಗೆ, ಮೆಸೇಜಿಗೆ ಸಿಗ್ನಲ್ ಅನ್ನೋ ಆ್ಯಪ್ ಹಾಕಿಕೋ ಅಂತಾನೆ. ನಾನೇನು ಕದ್ದಿದ್ದೇನಾ? ಸರ್ಕಾರ ನೋಡಿದರೆ ನೋಡಲಿ, ಕಳ್ಳರಾದರೂ ಸಿಗುತ್ತಾರೆ. ಅವನಿಗೆ ನೀವೇ ನಾಲ್ಕು ಬುದ್ಧಿಮಾತು ಹೇಳಿ. ನನ್ನ ಹೆಸರು, ಊರು ಹಾಕಬೇಡಿ."

ಗುರುಗಳೇ, ನಮಸ್ಕಾರ. ಬುದ್ಧಿಮಾತು ಹೇಳುತ್ತೇನೆ, ಆದರೆ ಮಗನಿಗಲ್ಲ, ನಿಮಗೆ. ಬೇಜಾರಾಗಬೇಡಿ.

ಫೋನಿನ ಜಾಡು ಹಿಡಿದು ಪೊಲೀಸರು ಕಳ್ಳರನ್ನು ಹಿಡಿಯುತ್ತಾರೆ, ತಪ್ಪಿಸಿಕೊಂಡ ಮಕ್ಕಳನ್ನು ಮನೆ ಸೇರಿಸುತ್ತಾರೆ. ನಿಜ, ಒಪ್ಪಿದೆ.

ಆದರೆ ನಿಮ್ಮ ಪತ್ರದ ಕೊನೇ ಸಾಲು ನೋಡಿ. ನೀವು ಕದ್ದಿಲ್ಲ, ಯಾರನ್ನೂ ಬೈದಿಲ್ಲ, ಆದರೂ ಹೆಸರು ಬೇಡ ಅಂದಿರಿ. ಅಪ್ಪ ಮಗನ ಮಾತು ಊರ ಕಟ್ಟೆಗೆ ಬರುವುದು ಬೇಡ, ಅಷ್ಟೇ ಅಲ್ವಾ? ಮಗ ಕೇಳುತ್ತಿರುವುದೂ ಅದನ್ನೇ. ನೀವು ಹೇಳಿದಿರಿ, ನಾನು ಹಾಕಲಿಲ್ಲ. ಫೋನಿನೊಳಗೆ ಕೂತ ಕಂಪನಿಗೆ ಹಾಗೆ ಹೇಳಿ ನೋಡಿ.

ಹೋದ ತಿಂಗಳು ಸಂಜೆ ಗಾಡಿಯವನ ಹತ್ತಿರ ಸುಸ್ಲಾ, ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಬಂದೆ. ಪೊಟ್ಟಣ ಬಿಚ್ಚಿದರೆ ಅದು ಯಾರದೋ ಆಧಾರ್ ಝೆರಾಕ್ಸ್. ತಲೆ ಮೇಲೆ ಸೆರಗು ಹೊದ್ದ ಹೆಣ್ಣುಮಗಳು, ವಯಸ್ಸು ಅರವತ್ತರ ಮೇಲೆ. ಎಣ್ಣೆ ಮುಖದ ಅರ್ಧಕ್ಕೆ ಹಬ್ಬಿತ್ತು, ಹನ್ನೆರಡು ಅಂಕಿ ಮಾತ್ರ ಸ್ವಚ್ಛವಾಗಿ ಕಾಣುತ್ತಿದ್ದವು. ಕೆಳಗೆ ಹೆಬ್ಬೆಟ್ಟು, ಪಕ್ಕದಲ್ಲಿ ಪೆನ್ನಿನಲ್ಲಿ ಬರೆದ ಮೊಬೈಲ್ ನಂಬರು. ಪಿಂಚಣಿಗೋ, ಸಾಲಕ್ಕೋ, ಸಿಮ್‌ಗೋ ಯಾವುದೋ ಕಚೇರಿಯ ಕಿಟಕಿಯಲ್ಲಿ ನಂಬಿ ಕೊಟ್ಟದ್ದು. ಅದು ರದ್ದಿಯಾಗಿ ಬಜಿ ಕಟ್ಟುವ ಕಾಗದವಾಯಿತು ಅಂತ ಆಕೆಗೆ ಯಾರು ಹೇಳುತ್ತಾರೆ? ನನಗೆ ಮಿರ್ಚಿ ಗಂಟಲಲ್ಲಿ ಇಳಿಯಲಿಲ್ಲ. ಕಾಗದ ಚೂರು ಚೂರು ಮಾಡಿ ಒಲೆಗೆ ಹಾಕಿದೆ. ಕಂಪ್ಯೂಟರಿನಲ್ಲಿ ಇಟ್ಟದ್ದಕ್ಕೆ ಎಣ್ಣೆ ಅಂಟುವುದಿಲ್ಲ, ಸುಡಲೂ ಬರುವುದಿಲ್ಲ. ಎಷ್ಟು ಕಡೆ ನಕಲಾಗಿದೆಯೋ ಗೊತ್ತೇ ಆಗುವುದಿಲ್ಲ.

ವಾಟ್ಸಾಪಿನಲ್ಲಿ ಬರೆದದ್ದನ್ನು ನಡುವೆ ಯಾರೂ ಓದಲಾಗದ ಹಾಗೆ ಕಟ್ಟಿ ಕಳಿಸುವುದು 2016ರಿಂದ ಇದೆ. ಅದು ಒಳ್ಳೆಯ ಕೆಲಸ. ಆದರೆ ಲಕೋಟೆಯ ಮೇಲಿನದು? ಯಾರು ಯಾರಿಗೆ, ಎಷ್ಟು ಹೊತ್ತಿಗೆ, ಯಾವ ಗುಂಪಿನಲ್ಲಿ, ಅದು ಕಂಪನಿಗೆ ತಿಳಿಯುತ್ತದೆ. ನಡುರಾತ್ರಿ ಹೃದಯದ ಡಾಕ್ಟರಿಗೆ ಮೂರು ಸಲ ಕರೆ ಮಾಡಿದಿರಿ ಎಂದರೆ ಮಾತು ಕೇಳುವ ಅಗತ್ಯವೇನಿದೆ? ಸಿಗ್ನಲ್ ಆ ಮೇಲಿನ ವಿವರವನ್ನೂ ಆದಷ್ಟು ಕಡಿಮೆ ಇಟ್ಟುಕೊಳ್ಳುತ್ತದೆ, ಅದಕ್ಕೇ ನಿಮ್ಮ ಮಗ ಹಟ ಹಿಡಿದಿದ್ದಾನೆ. ಫೇಸ್‌ಬುಕ್ಕಿನ 8.7 ಕೋಟಿ ಜನರ ವಿವರ ಕೇಂಬ್ರಿಡ್ಜ್ ಅನಲಿಟಿಕಾ ಎಂಬ ಚುನಾವಣಾ ಕಂಪನಿಯ ಕೈಗೆ ಹೋಗಿದ್ದಿರಬಹುದು ಅಂತ 2018ರಲ್ಲಿ ಫೇಸ್‌ಬುಕ್ಕೇ ಒಪ್ಪಿಕೊಂಡಿತು. ಅವರಲ್ಲಿ ಕದ್ದವರು ಎಷ್ಟು ಜನ, ಹೇಳಿ?

ಸರ್ಕಾರದ ಮಾತಿಗೆ ಬರುತ್ತೇನೆ. 1988ರಲ್ಲಿ ಫೋನ್ ಕದ್ದಾಲಿಕೆಯ ಆರೋಪ ಬಂತು ಅಂತ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿ ಬಿಟ್ಟರು. ಇದೇ ಕರ್ನಾಟಕದಲ್ಲಿ! ಎಂಬತ್ತು ದಾಟಿದ ಮೇಲೆ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಕೂಡ ನಮ್ಮ ಹೈಕೋರ್ಟಿನವರೇ. ಅವರ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದರು. ಇಷ್ಟು ದೊಡ್ಡ ಮನುಷ್ಯರ ಹೆಸರು ನಮ್ಮ ಶಾಲೆಗಳಲ್ಲಿ ಎಷ್ಟು ಮಕ್ಕಳಿಗೆ ಗೊತ್ತು?

ನನ್ನ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ನಮ್ಮ ಮಾಹಿತಿ ಕಾಯಲು ಅಂತ 2023ರಲ್ಲಿ ಕಾಯ್ದೆ ಬಂತು. ತನ್ನ ಯಾವ ಸಂಸ್ಥೆಗೆ ಬೇಕಾದರೂ ದೇಶದ ಭದ್ರತೆಯಂಥ ಕಾರಣ ಹೇಳಿ ಅದರಿಂದ ವಿನಾಯ್ತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರ ಅದರಲ್ಲೇ ಇಟ್ಟುಕೊಂಡಿತು. ಮತ್ತೆ ಅದೇ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನೂ ತಿದ್ದಿತು. ವೈಯಕ್ತಿಕ ಮಾಹಿತಿಯಾದರೂ ಸಾರ್ವಜನಿಕ ಹಿತಕ್ಕೆ ಬೇಕಿದ್ದರೆ ಕೊಡಬೇಕು ಎಂಬ ಮಾತು ಆ ಕಲಮಿನಲ್ಲಿ ಇತ್ತು, ತಿದ್ದಿದ್ದರಲ್ಲಿ ಇಲ್ಲ. ನಮ್ಮ ಮನೆಯ ಬಾಗಿಲು ತೆರೆದಿರಬೇಕು, ಅವರ ಕಚೇರಿಯ ಕಪಾಟಿಗೆ ಬೀಗ! ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆದು ಚಪ್ಪಲಿ ಸವೆಸಿದವರು ನಮ್ಮ ಓದುಗರಲ್ಲಿ ಎಷ್ಟೋ ಮಂದಿ ಇದ್ದಾರೆ, ಅವರನ್ನು ಕೇಳಿ. ನಿಜಾಮರ ಕಾಲದಲ್ಲಿ ಇದೇ ನೆಲದಲ್ಲಿ ಒಂದು ಸಭೆ ಕೂಡಿಸಲು ಮೊದಲೇ ಅಪ್ಪಣೆ ಬೇಕಿತ್ತು. ಆಗ ನಮ್ಮ ಹಿರಿಯರು ದನಿ ಇಳಿಸಿ ಮಾತಾಡಿದ್ದು ಕದ್ದಿದ್ದರು ಅಂತಲ್ಲ.

ಮಗ ಮುಂದಿನ ಸಲ ಬಂದಾಗ ಫೋನ್ ಅವನ ಕೈಗೆ ಕೊಟ್ಟು ಸುಮ್ನೆ ಪಕ್ಕದಲ್ಲಿ ಕೂಡಿ. ಏನು ಆಫ್ ಮಾಡಿದೆ, ಯಾಕೆ ಅಂತ ಕೇಳಿ. ಮತ್ತೆ ಆಧಾರಿನಲ್ಲಿ ಮೊದಲ ಎಂಟು ಅಂಕಿ ಮುಚ್ಚಿ ಕೊನೆಯ ನಾಲ್ಕನ್ನು ಮಾತ್ರ ತೋರಿಸುವ ಪ್ರತಿ ಇದೆ. ಅದನ್ನು ಅವನ ಕೈಲಿ ಡೌನ್‌ಲೋಡ್ ಮಾಡಿಸಿ ನಾಲ್ಕು ಝೆರಾಕ್ಸ್ ತೆಗೆಸಿಟ್ಟುಕೊಳ್ಳಿ. ಕಿಟಕಿಯಲ್ಲಿ ಕೇಳಿದರೆ ಮೊದಲು ಅದನ್ನೇ ಕೊಡಿ.