ಮಂಜನ್ನು ಚದುರಿಸಿದ ಪೈಲಟ್

ಪ್ರಶ್ನೆ: ದಾಳಿ ನಡೆಸಿ ಅಲ್ಲ, ಗಾಯಾಳುಗಳನ್ನು ಸಾಗಿಸಿ ಅತ್ಯುನ್ನತ ಶೌರ್ಯ ಪದಕ ಪಡೆದು, ಜನರಲ್ ಹುದ್ದೆಗೇರಿದ ಸೇನಾ ಪೈಲಟ್ ಯಾರಾದರೂ ಇದ್ದಾರೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಅಮೆರಿಕದ ಮೇಜರ್ ಜನರಲ್ ಪ್ಯಾಟ್ರಿಕ್ ಬ್ರೇಡಿ ಅಂಥವರು. 1936ರಲ್ಲಿ ಸೌತ್ ಡಕೋಟಾದಲ್ಲಿ ಜನಿಸಿದ ಅವರು ವಿಯೆಟ್ನಾಂ ಯುದ್ಧದಲ್ಲಿ ‘ಡಸ್ಟಾಫ್’ ಎಂಬ ಕರೆಹೆಸರಿನ ವೈದ್ಯಕೀಯ ಹೆಲಿಕಾಪ್ಟರ್ ಹಾರಿಸುತ್ತಿದ್ದರು. ಗಾಯಾಳುಗಳನ್ನು ಬಿಟ್ಟು ಹಿಂದಿರುಗಲು ಒಪ್ಪದೆ 1964ರಲ್ಲಿ ಪ್ರಾಣ ತೆತ್ತ ಮೇಜರ್ ಚಾರ್ಲ್ಸ್ ಕೆಲ್ಲಿ ಅವರ ಕೈಕೆಳಗೆ ಪಳಗಿದವರು ಎಂಬುದನ್ನು ಮರೆಯಬಾರದು.

1968ರ ಜನವರಿ 6ರಂದು ದಕ್ಷಿಣ ವಿಯೆಟ್ನಾಂನ ಚು ಲಾಯ್ ಸಮೀಪದ ಕಣಿವೆ ದಟ್ಟ ಮಂಜಿನಲ್ಲಿ ಮುಳುಗಿದ್ದಾಗ, ಬ್ರೇಡಿ ಹೆಲಿಕಾಪ್ಟರನ್ನು ಅಡ್ಡಲಾಗಿ ತಿರುಗಿಸಿ, ಅದರ ರೆಕ್ಕೆಗಳ ಗಾಳಿಯಿಂದಲೇ ಮಂಜನ್ನು ಚದುರಿಸುತ್ತ, ಕೆಳಗಿನ ಕಾಲುದಾರಿಯ ಗುಂಟ ನಿಧಾನವಾಗಿ ಸಾಗಿ, ಗುಂಡಿನ ದಾಳಿಯ ನಡುವೆಯೇ ಇಬ್ಬರು ದಕ್ಷಿಣ ವಿಯೆಟ್ನಾಂ ಸೈನಿಕರನ್ನು ಹೊತ್ತು ತಂದರು. ಅನಂತರ, ಅದಾಗಲೇ ಎರಡು ವಿಮಾನಗಳು ಗುಂಡಿಗೆ ಸಿಕ್ಕಿ ಉರುಳಿದ್ದ, ಶತ್ರುವಿನಿಂದ ಕೇವಲ 50 ಮೀಟರ್ ದೂರದ ಮತ್ತೊಂದು ಸ್ಥಳಕ್ಕೆ ನಾಲ್ಕು ಬಾರಿ ಹಾರಿದರು. ಒಮ್ಮೆ ನಿಯಂತ್ರಣ ವ್ಯವಸ್ಥೆಗೇ ಗುಂಡು ತಗುಲಿತು. ಮತ್ತೊಮ್ಮೆ ನೆಲಬಾಂಬ್ ಸಿಡಿದು ಸಿಬ್ಬಂದಿ ಇಬ್ಬರು ಗಾಯಗೊಂಡರು. ಆದರೂ ಮೂರು ಹೆಲಿಕಾಪ್ಟರ್ ಬದಲಿಸಿ ಅಂದು ಸಾಗಿಸಿದವರು 51 ಮಂದಿ. ಇದಕ್ಕಾಗಿ 1969ರಲ್ಲಿ ಅಮೆರಿಕದ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಸಂದಿತು.

ಇದು ಒಂದು ದಿನದ ಆವೇಶವೂ ಅಲ್ಲ. ವಿಯೆಟ್ನಾಂನಲ್ಲಿನ ಎರಡು ಸೇವಾವಧಿಗಳಲ್ಲಿ ಅವರು ಐದು ಸಾವಿರಕ್ಕೂ ಹೆಚ್ಚು ಗಾಯಾಳುಗಳನ್ನು ಸಾಗಿಸಿದ್ದರು. 34 ವರ್ಷಗಳ ಸೇವೆಯ ಬಳಿಕ 1993ರಲ್ಲಿ ನಿವೃತ್ತರಾದರು.