ಮಗ್ಗಿನ ತಳದ ನಂಬರು

ಕಾರ್ಕಳ ತಾಲೂಕಿನ ಓದುಗರೊಬ್ಬರು ನಮ್ಮ ಡಿಸೆಂಬರ್ ಸಂಚಿಕೆಯ ಲೋಂಗೆವಾಲಾ (1971ರಲ್ಲಿ ರಾಜಸ್ಥಾನದ ಗಡಿಯಲ್ಲಿ ಪಾಕಿಸ್ತಾನದೊಡನೆ ನಡೆದ ಕದನ) ಲೇಖನವನ್ನು ಓದಿ ಮೂರು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರ ಹೀಗಿದೆ: ಅವರ ಸೋದರಮಾವ ಸೇನೆಯಲ್ಲಿ ಅಡುಗೆಯವರಾಗಿದ್ದು, 1971ರ ಯುದ್ಧದ ಕಾಲದಲ್ಲಿ ಜೈಸಲ್ಮೇರ್ ಕಡೆ ಇದ್ದರು. ಕದನವಿರಾಮವಾಗಿ ಮೂರು ವಾರಗಳ ಮೇಲೆ ರಾಮಗಢದ ರಸ್ತೆಯಲ್ಲಿ ರೇಷನ್ ಲಾರಿ ಮಗುಚಿ ತೀರಿಕೊಂಡರು. ಸ್ಮಾರಕದ ಕಲ್ಲಿನಲ್ಲಿ ಅವರ ಹೆಸರನ್ನು ಸೇರಿಸಬೇಕೆಂದು ಮನೆಯವರು ಕೇಳಿದಾಗ, ಅದರ ಉಸ್ತುವಾರಿ ನೋಡಿಕೊಳ್ಳುವವರು ‘ಅವರು ಯುದ್ಧದಲ್ಲಿ ಸತ್ತವರಲ್ಲವಲ್ಲ’ ಎಂದರಂತೆ. ಇಷ್ಟನ್ನು ಹೇಳಿ, ಕೊನೆಯ ಪುಟದಲ್ಲಿ ಅವರು ನಮ್ಮನ್ನೂ ತರಾಟೆಗೆ ತೆಗೆದುಕೊಂಡಿದ್ದಾರೆ. ‘ನಮ್ಮವರಿಗೇ ಕಲ್ಲಿನಲ್ಲಿ ಜಾಗವಿಲ್ಲದಿರುವಾಗ, ಬ್ರಿಟಿಷರ ಕೂಲಿಗೆ ಮೆಸೊಪೊಟೇಮಿಯಕ್ಕೆ (ಇಂದಿನ ಇರಾಕಿಗೆ) ಹೋಗಿ ಸತ್ತವರ ಬಗ್ಗೆಯೂ ಎಣ್ಣೆಗಾಗಿ ಇರಾಕಿಗೆ ಹೋದ ಅಮೆರಿಕನ್ನರ ಬಗ್ಗೆಯೂ ತಾವು ಪುಟಗಟ್ಟಲೆ ಬರೆಯುವುದೇಕೆ?’

ಮಾನ್ಯರೇ,

ತಮ್ಮ ಪತ್ರದ ಜೊತೆಗೆ ಬಂದ ಛಾಯಾಚಿತ್ರವನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಬೋರಲು ಹಾಕಿದ ಒಂದು ಬಿಳಿಯ ಎನಾಮಲ್ ಮಗ್ಗು. ಅಂಚಿನ ನೀಲಿ ಅಲ್ಲಲ್ಲಿ ಎದ್ದುಹೋಗಿ ಕಬ್ಬಿಣದ ಕಪ್ಪು ಕಾಣುತ್ತದೆ. ತಳದಲ್ಲಿ ಕೈಯಿಂದ ಬರೆದ ಏಳು ಅಂಕಿಗಳ ನಂಬರು, ಅದರಲ್ಲಿ ಕೊನೆಯ ಎರಡು ಬೂದಿ ಹಾಕಿ ಉಜ್ಜಿ ಉಜ್ಜಿ ಮಾಸಿವೆ. ಟ್ರಂಕಿನಲ್ಲಿ ಊರಿಗೆ ಬಂದ ಆ ಮಗ್ಗಿನಲ್ಲಿ ತಮ್ಮ ಅಜ್ಜಿ ತಾವು ಶಾಲೆ ಮುಗಿಸುವವರೆಗೂ ಕುಚ್ಚಲಕ್ಕಿ ಅಳೆಯುತ್ತಿದ್ದರೆಂದು ಬರೆದಿದ್ದೀರಿ. ಈ ಒಂದು ವಾಕ್ಯಕ್ಕಾಗಿಯೇ ತಮ್ಮ ಪತ್ರವನ್ನು ಈ ತಿಂಗಳ ಉಳಿದೆಲ್ಲ ಪತ್ರಗಳ ಮೇಲೆ ಇಟ್ಟೆ.

ಸ್ಮಾರಕದವರ ಪರವಾಗಿ ಒಂದು ಮಾತು ಹೇಳಿಬಿಡುತ್ತೇನೆ, ಹೇಳದಿದ್ದರೆ ನ್ಯಾಯವಾಗದು. ಸೇನೆಯ ಕಡತಗಳಲ್ಲಿಯೇ ಸಾವಿಗೆ ಎರಡು ಗೂಡುಗಳಿವೆ, ‘ಬ್ಯಾಟಲ್ ಕ್ಯಾಶುವಾಲ್ಟಿ’ (ಕದನದಲ್ಲಿ ಆದದ್ದು) ಎಂಬುದೊಂದು, ‘ಫಿಸಿಕಲ್ ಕ್ಯಾಶುವಾಲ್ಟಿ’ (ಬೇರೆ ಕಾರಣದಿಂದ ಆದದ್ದು) ಎಂಬುದಿನ್ನೊಂದು. ನಾವು ಭಾಷಣಗಳಲ್ಲಿ ಧಾರಾಳವಾಗಿ ಬಳಸುವ ‘ಹುತಾತ್ಮ’ ಎಂಬ ಪದ ಆ ಕಡತಗಳಲ್ಲಿ ಇಲ್ಲವೇ ಇಲ್ಲ. ಕಲ್ಲು ಕೆತ್ತಿಸುವವರು ಎಲ್ಲಿಯಾದರೂ ಒಂದು ಗೆರೆ ಎಳೆಯಲೇಬೇಕು, ಎಳೆದಿದ್ದಾರೆ. ಆದರೆ ಆ ಗೆರೆ ತಮ್ಮ ಸೋದರಮಾವನ ಲಾರಿಯ ಈಚೆಗೆ ಬಿದ್ದದ್ದು ಹೇಗೆ ಎಂಬುದನ್ನು ಎಷ್ಟು ಯೋಚಿಸಿದರೂ ನನ್ನ ಬುದ್ಧಿ ಒಪ್ಪುವುದಿಲ್ಲ. 1971ರ ಡಿಸೆಂಬರ್ 17ರ ಸಂಜೆ ಕದನವಿರಾಮ ಜಾರಿಗೆ ಬಂದಿತು ನಿಜ, ಆದರೆ ಗಡಿಯ ಠಾಣೆಗಳಲ್ಲಿ ಕುಳಿತವರಿಗೆ ಮರುದಿನ ಹಸಿವೆಯಾಗಲಿಲ್ಲವೆ? ಅವರಿಗೆ ಅನ್ನ ಒಯ್ಯುತ್ತಿದ್ದ ಮನುಷ್ಯ ಆ ಮರಳಿನಲ್ಲಿ ಸ್ವಂತ ಕೆಲಸಕ್ಕೆ ಹೋಗಿದ್ದನೆ?

ನಮ್ಮ ಲೋಂಗೆವಾಲಾ ಲೇಖನವೂ ಇದೇ ತಪ್ಪನ್ನು ಮಾಡಿದೆ, ಒಪ್ಪಿಕೊಳ್ಳುತ್ತೇನೆ. ಡಿಸೆಂಬರ್ 4ರ ರಾತ್ರಿ ಮೇಜರ್ ಕುಲದೀಪ್ ಸಿಂಗ್ ಚಾಂದಪುರಿಯವರ ಕೈಕೆಳಗೆ 23ನೇ ಪಂಜಾಬ್ ಬೆಟಾಲಿಯನ್ನಿನ ಸುಮಾರು 120 ಮಂದಿ ಇದ್ದರು. ಎದುರಿಗೆ ಟ್ಯಾಂಕುಗಳ ಸಾಲು ಬಂದಿತು. ಮುಳ್ಳುತಂತಿಯನ್ನು ಕಂಡು ಮುಂದೆ ನೆಲಬಾಂಬುಗಳಿವೆಯೆಂದು ಟ್ಯಾಂಕಿನವರು ತಡೆದು ನಿಂತರು. ಬೆಳಕು ಹರಿಯುತ್ತಲೇ ಜೈಸಲ್ಮೇರಿನಿಂದ ಹಂಟರ್ ವಿಮಾನಗಳು ಬಂದು, ಮೆತ್ತನೆಯ ಮರಳಿನಲ್ಲಿ ತೊಳಲುತ್ತಿದ್ದ ಟ್ಯಾಂಕುಗಳನ್ನು ಒಂದೊಂದಾಗಿ ಹೊಡೆದವು. ಇದೆಲ್ಲವನ್ನೂ ಬರೆದೆವು. ಆ ವಿಮಾನಗಳು ಮತ್ತೆ ಮತ್ತೆ ಇಳಿದು ಮತ್ತೆ ಮತ್ತೆ ಏರಿದವಲ್ಲ, ಪ್ರತಿಸಲವೂ ಇಂಧನ ತುಂಬಿದ, ಗುಂಡುಗಳನ್ನು ಹೊತ್ತು ತಂದ ಕೈಗಳು ಯಾರವು? ಅವರ ವಿಷಯ ಲೇಖನದಲ್ಲಿ ಅರ್ಧ ವಾಕ್ಯವೂ ಇರಲಿಲ್ಲ. ತಿದ್ದುವ ಪೆನ್ನು ನನ್ನ ಕೈಯಲ್ಲೇ ಇತ್ತು, ನನಗೂ ಹೊಳೆಯಲಿಲ್ಲ.

ಹೊಳೆಯಬೇಕಿತ್ತು, ಏಕೆಂದರೆ ಈ ಪಾಠವನ್ನು ನಾನು ಮೂವತ್ತು ವರ್ಷಗಳ ಹಿಂದೆಯೇ ಒಮ್ಮೆ ಕಲಿತಿದ್ದೆ. ಆಗ ಹೊಸದಾಗಿ ವರದಿಗಾರನಾಗಿದ್ದ ನನ್ನನ್ನು ಕುಂದಾಪುರದ ಕಡೆಯ ಒಬ್ಬ ನಿವೃತ್ತ ಹವಾಲ್ದಾರರನ್ನು ಮಾತನಾಡಿಸಲು ಕಳುಹಿಸಿದ್ದರು. ಚಾವಡಿಯಲ್ಲಿ ಕುಳಿತವನೇ, ಆ ವಯಸ್ಸಿನ ಎಲ್ಲ ದಡ್ಡರಂತೆ, ಎಷ್ಟು ಮಂದಿ ಶತ್ರುಗಳನ್ನು ಕೊಂದಿರಿ ಎಂದು ಕೇಳಿದೆ. ‘ಕೊಂದದ್ ಲೆಕ್ಕ ಗೊತ್ತಿಲ್ಲೆ ಮಾರಾಯ್ರೆ, ನೀರಿನ್ ಲೆಕ್ಕ ಬೇಕಾರ್ ಕೇಣಿ’ ಎಂದರು. ಆಮೇಲೆ ಎರಡು ಗಂಟೆ ನೀರಿನದೇ ಕಥೆ. ಮರಳಿನಲ್ಲಿ ಹೂತುಹೋಗದಂತೆ ಚಕ್ರದ ಗಾಳಿಯನ್ನು ಅರ್ಧ ಇಳಿಸಿ, ದೀಪಗಳನ್ನೆಲ್ಲ ಆರಿಸಿ, ಮುಂದಿನ ಲಾರಿಯ ಹಿಂಬದಿಗೆ ಬಳಿದ ಬಿಳಿಯ ಬಣ್ಣವೊಂದನ್ನೇ ನೋಡುತ್ತ ರಾತ್ರಿಯಿಡೀ ನೀರಿನ ಲಾರಿ ಓಡಿಸುವುದು. ಯಾವ ಠಾಣೆಗೆ ಎಷ್ಟು ಜೆರ್ರಿ ಕ್ಯಾನು ಇಳಿಯಿತೆಂದು ಬೆಳಗಿನ ಚಳಿಯಲ್ಲಿ ಮರಗಟ್ಟಿದ ಬೆರಳುಗಳಿಂದ ಬರೆಯುವುದು. ಒಂದು ಕ್ಯಾನು ಸೋರಿದ್ದರೆ ಅದಕ್ಕೆ ಉತ್ತರ ಕೊಡುವುದು. ತಮ್ಮೊಡನೆ ಇದ್ದು ಊರಿಗೆ ಹಿಂತಿರುಗದ ಮೂವರ ಹೆಸರುಗಳನ್ನು ತಂದೆಯ ಹೆಸರು, ಹಳ್ಳಿಯ ಹೆಸರು ಸಮೇತ ಹೇಳಿ, ‘ಬರ್ಕಣಿ’ ಎಂದು ನನ್ನ ಪುಸ್ತಕವನ್ನು ಬೆರಳಿನಿಂದ ತಟ್ಟಿದರು. ಬರೆದುಕೊಂಡೆ. ಪುಟದಲ್ಲಿ ಜಾಗ ಸಾಲದೆ ಬಂದಾಗ ಮೊದಲು ಹೊಡೆದುಹಾಕಿದ್ದು ಆ ಮೂರು ಹೆಸರುಗಳನ್ನೇ. ವರದಿಗೆ ‘ಮರುಭೂಮಿಯ ಹುಲಿ’ ಎಂಬ ತಲೆಬರಹ ಕೊಟ್ಟೆ. ಹವಾಲ್ದಾರರು ಒಂದು ಕಾರ್ಡು ಬರೆದರು, ‘ಹುಲಿ ಯಾರು?’ ಎಂದು ಅಷ್ಟೇ. ಆ ಟಿಪ್ಪಣಿ ಪುಸ್ತಕ ಮನೆ ಬದಲಾಯಿಸುವಾಗ ಎಲ್ಲಿಯೋ ಹೋಯಿತು. ಇವತ್ತು ಆ ಮೂರರಲ್ಲಿ ಒಂದು ಹೆಸರೂ ನನಗೆ ನೆನಪಿಲ್ಲ.

ಬಂದೂಕು ಹಿಡಿಯದವರನ್ನು ಕಲ್ಲಿನಲ್ಲಿ ಕೆತ್ತಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಬಾಡ್ಮೇರ್ ಜಿಲ್ಲೆಯ ಗಡ್ರಾ ರೋಡ್ ಎಂಬ ಸಣ್ಣ ರೈಲು ನಿಲ್ದಾಣವನ್ನೇ ನೋಡಿ. 1965ರ ಸೆಪ್ಟೆಂಬರ್ 9ರಂದು, ಗಡಿಯತ್ತ ಸಾಮಾನು ಒಯ್ಯುವ ಆ ಮಾರ್ಗವನ್ನು ನಡೆಸಿಕೊಂಡಿರಲು ಹೋಗಿ 17 ಮಂದಿ ರೈಲ್ವೆ ನೌಕರರು ಪ್ರಾಣ ಬಿಟ್ಟರು. ಅವರಿಗೆ ಅಲ್ಲಿ ಸ್ಮಾರಕವಿದೆ; ಪ್ರತಿವರ್ಷ ಅದೇ ದಿನ ರೈಲ್ವೆಯವರು ಅಲ್ಲಿಗೆ ಹೋಗುತ್ತಾರೆ. ರೈಲ್ವೆಯವರಿಗೆ ಆದದ್ದು ನಮಗೇಕೆ ಆಗದು ಎಂದು ತಮಗೆ ಇಲ್ಲವೆಂದವರನ್ನು ತಾವು ಕೇಳಬಹುದು. ನನ್ನ ಹೆಸರು ಹೇಳಿಯೇ ಕೇಳಿ.

ಇಲ್ಲಿಯವರೆಗೆ ತಾವೂ ನಾನೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದೇವೆ. ಆದರೆ ‘ಕೂಲಿಗೆ ಹೋಗಿ ಸತ್ತವರು’ ಎಂದು ತಾವು ಬರೆದಿರುವಲ್ಲಿ ನನಗೆ ತುತ್ತು ಇಳಿಯಲಿಲ್ಲ. ಆ ಯುದ್ಧ ನಮ್ಮದಾಗಿರಲಿಲ್ಲ, ಸಾಮ್ರಾಜ್ಯದ್ದಾಗಿತ್ತು ಎಂಬುದು ಸರಿ, ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೂ ತಾವು ಇಪ್ಪತ್ತೆರಡು ವರ್ಷ ಕುವೈತಿನಲ್ಲಿ ಇದ್ದವರು. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿಕೊಂಡಾಗ ಏರ್ ಇಂಡಿಯಾ ಅಮ್ಮಾನಿನಿಂದ ಕರೆತಂದ ಲಕ್ಷಕ್ಕೂ ಹೆಚ್ಚು ಭಾರತೀಯರಲ್ಲಿ ತಾವೂ ಒಬ್ಬರೆಂದು ತಾವೇ ತಿಳಿಸಿದ್ದೀರಿ. ಹೊಟ್ಟೆಪಾಡಿಗೆ ಮರಳುಗಾಡಿಗೆ ಹೋಗುವುದೆಂದರೆ ಏನೆಂಬುದನ್ನು ಮಂಗಳೂರು, ಉಡುಪಿಯ ಮನೆಗಳಿಗೆ ಯಾರಾದರೂ ಹೇಳಿಕೊಡಬೇಕೆ? ತಮ್ಮ ಸೋದರಮಾವನೂ ಸಂಬಳಕ್ಕೆ ಸೇರಿದವರೇ, ಅವರ ಮನಿಯಾರ್ಡರಿನಲ್ಲಿಯೇ ಮನೆಗೆ ಹೆಂಚು ಹೊದಿಸಿದರೆಂದು ಎರಡನೆಯ ಪುಟದಲ್ಲಿ ಬರೆದವರು ಮೂರನೆಯ ಪುಟದಲ್ಲಿ ಕೂಲಿಯನ್ನು ಬೈಗುಳವಾಗಿ ಬಳಸಬಾರದಿತ್ತು.

ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಕ್ಕೆ ಹೋದ ಲಕ್ಷಾಂತರ ಭಾರತೀಯರಲ್ಲಿ ಸುಮಾರು ಅರ್ಧದಷ್ಟು ಮಂದಿ ಬಂದೂಕು ಹಿಡಿಯದವರು: ಹೊರೆಯಾಳುಗಳು, ನೀರು ಹೊರುವವರು, ಹೇಸರಗತ್ತೆ ಹೊಡೆಯುವವರು, ಅಡುಗೆಯವರು. ತುರ್ಕರು ಕೂತ್ ಪಟ್ಟಣಕ್ಕೆ ಹಾಕಿದ ಮುತ್ತಿಗೆಯಲ್ಲಿ ಧಾನ್ಯ ಮುಗಿಯುತ್ತ ಬಂದಾಗ, ಕುದುರೆಯ ಮಾಂಸ ತಿನ್ನಲೊಲ್ಲದ ಸಿಪಾಯಿಗಳು ವಸಡಿನಲ್ಲಿ ರಕ್ತ ಬರುವ ಸ್ಕರ್ವಿಯಿಂದ ನರಳಿದರು. 1916ರ ಏಪ್ರಿಲ್ 29ರಂದು ಸೇನೆ ಶರಣಾದ ಮೇಲೆ ಸೆರೆಯಲ್ಲಿ ಸತ್ತವರು ಇನ್ನೂ ಎಷ್ಟೋ ಮಂದಿ. ಆ ರಣಭೂಮಿಯಲ್ಲಿ ಸತ್ತು ಸಮಾಧಿಯೂ ಸಿಗದವರಿಗಾಗಿ ಬ್ರಿಟಿಷರು ಬಸ್ರಾದಲ್ಲಿ ಒಂದು ಭವ್ಯ ಸ್ಮಾರಕ ಕಟ್ಟಿದರು. ಅದರ ಫಲಕಗಳಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳಿದ್ದವು, ಭಾರತೀಯ ಅಧಿಕಾರಿಗಳ ಹೆಸರುಗಳೂ ಇದ್ದವು. ಉಳಿದ ಭಾರತೀಯರು ತಂತಮ್ಮ ಪಡೆಯ ಹೆಸರಿನ ಕೆಳಗೆ ಇಂತಿಷ್ಟು ಮಂದಿ ಎಂಬ ಸಂಖ್ಯೆಯಾಗಿ ಸೇರಿಕೊಂಡರು. ಇಂತಹ ತಾರತಮ್ಯವನ್ನು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ 2021ರಲ್ಲಿ, ಒಂದು ಶತಮಾನ ಕಳೆದ ಮೇಲೆ, ತನ್ನದೇ ವರದಿಯಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ಆ ಕಲ್ಲಿನ ಸಂಖ್ಯೆಗೂ ತಮ್ಮ ಮಗ್ಗಿನ ತಳದ ಸಂಖ್ಯೆಗೂ ನನಗೇನೂ ವ್ಯತ್ಯಾಸ ಕಾಣುವುದಿಲ್ಲ.

ಅಮೆರಿಕನ್ನರ ವಿಷಯ. 2003ರಲ್ಲಿ ಯಾವ ಸಮೂಹನಾಶಕ ಅಸ್ತ್ರಗಳ ನೆಪ ಹೇಳಿ ಇರಾಕಿಗೆ ನುಗ್ಗಿದರೋ ಆ ಅಸ್ತ್ರಗಳು ಅಲ್ಲಿ ಸಿಗಲಿಲ್ಲ. ಆ ದೊರೆತನವನ್ನು ನಾನು ಸಮರ್ಥಿಸುವುದಿಲ್ಲ. ನಾನು ಬರೆದದ್ದು ಬೇರೆ. 1991ರ ಫೆಬ್ರವರಿ 25ರಂದು ಸೌದಿಯ ಧಹ್ರಾನಿನಲ್ಲಿ ಸೈನಿಕರ ಬಿಡಾರದ ಮೇಲೆ ಇರಾಕಿನ ಒಂದು ಸ್ಕಡ್ ಕ್ಷಿಪಣಿ ಬಿದ್ದು 28 ಮಂದಿ ಸತ್ತರು. ಅದನ್ನು ತಡೆಯಬೇಕಿದ್ದ ಪೇಟ್ರಿಯಟ್ ಎಂಬ ಕ್ಷಿಪಣಿ ತಡೆ ವ್ಯವಸ್ಥೆಯ ಗಡಿಯಾರ, ನೂರು ಗಂಟೆ ಬಿಡದೆ ಓಡಿ, ಲೆಕ್ಕದಲ್ಲಿ ಒಂದು ಸೆಕೆಂಡಿನ ಮೂರನೆಯ ಒಂದು ಪಾಲಿನಷ್ಟು ತಪ್ಪಿತ್ತು; ಯಂತ್ರ ಆಕಾಶದಲ್ಲಿ ಬೇರೆಲ್ಲೋ ಹುಡುಕುತ್ತಿತ್ತು. ಸತ್ತವರಲ್ಲಿ 13 ಮಂದಿ ಪೆನ್ಸಿಲ್ವೇನಿಯದ ಗ್ರೀನ್ಸ್‌ಬರ್ಗ್ ಎಂಬ ಸಣ್ಣ ಪಟ್ಟಣದ ಒಂದೇ ಪಡೆಯವರು, ಬಂದು ಇನ್ನೂ ಆರು ದಿನವಾಗಿತ್ತು. ಅವರ ಕೆಲಸ ಏನೆಂದು ಗೊತ್ತೇ? ನೀರು ಶುದ್ಧಮಾಡುವುದು. ಅವರ ಊರಿನಲ್ಲಿ ಅವರಿಗೆ ಸ್ಮಾರಕವಿದೆ. ನೀರಿನವರು ಯೋಧರು ಹೌದೋ ಅಲ್ಲವೋ ಎಂಬ ಚರ್ಚೆ ಅಲ್ಲಿ ನಡೆದಂತೆ ನನಗೆ ಕಾಣಲಿಲ್ಲ. 2003ರ ಮಾರ್ಚಿನಲ್ಲಿ ನಾಸಿರಿಯಾ ಎಂಬಲ್ಲಿ ದಾರಿ ತಪ್ಪಿ ಹೊಂಚಿಗೆ ಸಿಕ್ಕಿದ್ದೂ ವಾಹನ ದುರಸ್ತಿಯವರ ಒಂದು ತುಕಡಿಯೇ. ಅಂದು ಮಡಿದ ಲೋರಿ ಪೀಸ್ಟೆವಾ ಎಂಬ ಮೂಲನಿವಾಸಿ ಮಹಿಳೆಯ ಹೆಸರನ್ನು ಫೀನಿಕ್ಸ್ ನಗರದ ಒಂದು ಬೆಟ್ಟಕ್ಕೇ ಇಟ್ಟಿದ್ದಾರೆ. ಇದೇ ಅಮೆರಿಕನ್ನರು 1991ರಲ್ಲಿ ಟ್ಯಾಂಕಿಗೆ ನೇಗಿಲು ಕಟ್ಟಿ, ಕಂದಕದಲ್ಲಿದ್ದ ಇರಾಕಿ ಸೈನಿಕರನ್ನು ಇದ್ದಲ್ಲೇ ಮರಳಿನಲ್ಲಿ ಮುಚ್ಚಿದರು ಎಂಬುದನ್ನೂ ನಾನು ಬರೆದಿದ್ದೆ. ಆ ಕಂದಕದವರಿಗೂ ತಾಯಂದಿರು ಇಟ್ಟ ಹೆಸರುಗಳಿದ್ದವು. ತಾವು ಆ ಭಾಗವನ್ನು ಓದಿದಂತೆ ತೋರುವುದಿಲ್ಲ.

ಹೆಸರಿಟ್ಟು ನೆನೆಯುವುದನ್ನು ನಾವೇನೂ ಪರದೇಶದಿಂದ ಕಲಿಯಬೇಕಾಗಿಲ್ಲ. ಉದ್ಯಾವರದ ವೀರಗಲ್ಲುಗಳು ಸಾವಿರದ ಇನ್ನೂರು ವರ್ಷಗಳ ಹಿಂದಿನವು; ಆಳುಪ ಅರಸರ ಮನೆಜಗಳದಲ್ಲಿ ಸತ್ತವನು ಯಾರು, ಯಾರ ಆಳು ಎಂಬುದನ್ನು ಅವು ಇಂದಿಗೂ ಹೇಳುತ್ತವೆ. ಜಗಳ ಯಾರ ಪಾಲಿಗೆ ನ್ಯಾಯವಾಗಿತ್ತೋ, ಕಲ್ಲು ಕಡೆದವನು ಅದನ್ನು ವಿಚಾರಿಸಲಿಲ್ಲ. ಆಟಿ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ತೀರಿಹೋದ ಹಿರಿಯರಿಗೆ ಅಗೇಲು (ಎಡೆ) ಬಡಿಸುವಾಗ ಎಲೆಯ ಮುಂದೆ ಹೆಸರು ಹಿಡಿದು ಕರೆಯುತ್ತೇವೆಯೇ ಹೊರತು ನಮ್ಮ ಮನೆಯ ಹನ್ನೊಂದು ಮಂದಿ ಬನ್ನಿ ಎಂದು ಕರೆಯುವುದಿಲ್ಲ. ಇಂತಹ ಊರಿನಲ್ಲಿ ಈಗ ಏನಾಗಿದೆ? ಜನವರಿ 26ಕ್ಕೂ ಆಗಸ್ಟ್ 15ಕ್ಕೂ ವೃತ್ತವೃತ್ತಗಳಲ್ಲಿ ಫ್ಲೆಕ್ಸುಗಳು ಏಳುತ್ತವೆ; ಅವುಗಳಲ್ಲಿ ಶುಭಕೋರುವವರ ಮುಖ ಆಳೆತ್ತರ, ಸೈನಿಕ ಅಂಚೆಚೀಟಿಯಷ್ಟು, ಅದೂ ಬಹುಮಟ್ಟಿಗೆ ಇಂಟರ್ನೆಟ್ಟಿನಿಂದ ಎತ್ತಿದ ಯಾವುದೋ ದೇಶದ ಸಮವಸ್ತ್ರದವನು. ಕಳೆದ ವರ್ಷ ಅಂಥದ್ದೊಂದು ಫ್ಲೆಕ್ಸಿನ ಹಿಂದೆ ಊರಿನ ಹಳೆಯ ಸ್ಮಾರಕದ ಕಲ್ಲೇ ಮರೆಯಾಗಿ, ಹಾರ ಹಾಕಲು ಬಂದ ನಿವೃತ್ತ ಯೋಧರೊಬ್ಬರು ಬಗ್ಗಿ ಒಳನುಸುಳಬೇಕಾಯಿತು. ಅವರಿಗೆ ಎಂಬತ್ತು ದಾಟಿತ್ತು. ಮೈಕು ಹಿಡಿದವರು ‘ವೀರ ಯೋಧರಿಗೆ ಜಯವಾಗಲಿ’ ಎನ್ನುತ್ತಲೇ ಇದ್ದರು. ಕಲ್ಲಿನ ಮೇಲಿದ್ದ ಹೆಸರುಗಳಲ್ಲಿ ಒಂದನ್ನಾದರೂ ಓದಿ ಹೇಳಬೇಕೆಂದು ಯಾರಿಗೂ ತೋಚಲಿಲ್ಲ. ಓದಿದ್ದರೆ ಎಷ್ಟು ಹೊತ್ತು ಹಿಡಿಯುತ್ತಿತ್ತು, ನಾಲ್ಕು ನಿಮಿಷವೇ?

ಇನ್ನು ತಮ್ಮ ಮೇಲಿನ ಆಕ್ಷೇಪ. ತಮ್ಮ ಪತ್ರವನ್ನು ನಾನು ನಾಲ್ಕು ಸಲ ಓದಿದೆ. ಸ್ಮಾರಕದ ವಿವರವಿದೆ, ಲಾರಿ ಮಗುಚಿದ ರಸ್ತೆ ಇದೆ, ಮಗ್ಗಿನ ನಂಬರಿನ ಉಳಿದ ಐದು ಅಂಕಿಗಳಿವೆ, ಕುವೈತಿನಲ್ಲಿ ತಮ್ಮ ಕಂಪೆನಿಯ ಹೆಸರಿದೆ. ಮೂರು ಪುಟಗಳಲ್ಲಿ ಹದಿನಾಲ್ಕು ಕಡೆ ‘ನನ್ನ ಸೋದರಮಾವ’ ಎಂದು ಬರೆದಿದ್ದೀರಿ. ಅವರ ಹೆಸರನ್ನು ಎಲ್ಲಿಯೂ ಬರೆದಿಲ್ಲ.

ಬರೆದು ಕಳುಹಿಸಿ. ವಂಶವೂ ಆಸ್ತಿಯೂ ಸೋದರಮಾವನಿಂದ ಅಳಿಯನಿಗೆ ಬರುವ ಅಳಿಯಕಟ್ಟಿನ ಮನೆಯಲ್ಲಿ ಅದು ಅಳಿಯನದೇ ಹೊಣೆ, ಬೇರೆ ಯಾರೂ ಮಾಡುವುದಿಲ್ಲ. ಪೂರ್ತಿ ಹೆಸರು, ತಾಯಿಯ ಹೆಸರು, ಮನೆಯ ಹೆಸರು, ಊರು, ಸೇನೆಗೆ ಸೇರಿದ ವರ್ಷ ಗೊತ್ತಿದ್ದರೆ ಅದು. ಅಂಚೆ ಕಾರ್ಡಿನಲ್ಲಿ ಬರೆದರೂ ಸಾಕು, ಅಕ್ಷರ ಮಾತ್ರ ಬಿಡಿಸಿ ಬರೆಯಿರಿ, ಏಕೆಂದರೆ ನಮ್ಮ ಅಕ್ಷರಜೋಡಣೆಯವರು ಊರುಗಳ ಹೆಸರುಗಳನ್ನು ತಪ್ಪು ಮಾಡುತ್ತಾರೆ. ತಿಂಗಳ 20ರೊಳಗೆ ತಲುಪಿದರೆ ಮುಂದಿನ ಸಂಚಿಕೆಯಲ್ಲಿ ಮಗ್ಗಿನ ಚಿತ್ರದ ಕೆಳಗೆ ಅಚ್ಚಾಗುತ್ತದೆ.

ಸಂಪಾದಕ